ಬುಗುಡಿ ಕಿವಿಗೆ ಕೈನೀರು

ಆಗಿನ ಬೇಸಿಗೆಯಲ್ಲಿ ಹರಿಹರದ ನಮ್ಮಜ್ಜಿಯ ಓಣಿಯನ್ನು ಕೆಮ್ಮದೆ ದಾಟಿದವರಿಲ್ಲ. ಒಂದು ಮನೆಯಲ್ಲಿ ಬ್ಯಾಡಗಿ ಮೆಣಸಿನಕಾಯಿ ಹುರಿಯುತ್ತಿದ್ದರೆ ಇನ್ನೊಂದರಲ್ಲಿ ಕುಟ್ಟುತ್ತಿದ್ದರು. ಮಾಳಿಗೆಯ ಮೇಲೆ ಹಳೆಯ ಸೀರೆ ಹಾಸಿ ಶಾವಿಗೆ, ಸಂಡಿಗೆ, ಹಪ್ಪಳ ಒಣಗಲು ಬಿಟ್ಟಿರುತ್ತಿದ್ದರು. ಕಾಗೆ ಕಾಯುವ ಕೆಲಸ ನಮ್ಮಂಥ ಮಕ್ಕಳದು. ಅರ್ಧ ಒಣಗಿದ ಅಕ್ಕಿ ಸಂಡಿಗೆಯನ್ನು ಸೀರೆಯಿಂದ ಮೆಲ್ಲಗೆ ಬಿಡಿಸಿ ಬಾಯಿಗೆ ಹಾಕಿಕೊಂಡು, ಬೈಗುಳ ಬಿದ್ದಾಗ ಕಾಗೆಯ ಹೆಸರು ಹೇಳುವುದೂ ನಮ್ಮದೇ ಕೆಲಸ. ಮೆತ್ತಗೆ, ಉಪ್ಪುಪ್ಪಾಗಿ, ಜೀರಿಗೆಯ ಘಮದೊಡನೆ ಹಲ್ಲಿಗೆ ಅಂಟುತ್ತಿದ್ದ ಆ ಹಸಿ ಸಂಡಿಗೆಯ ರುಚಿ ಬಲ್ಲವರಿಗೆ ನಾನು ಹೆಚ್ಚು ಹೇಳಬೇಕಿಲ್ಲ.

ನಮ್ಮ ಮನೆ ಇದ್ದದ್ದು ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ. ಅವ್ವ ಶಾಲೆಯ ಟೀಚರು. ಪರೀಕ್ಷೆ ಮುಗಿದ ಮಾರನೆಯ ದಿನವೇ ನನ್ನನ್ನು ಬಸ್ಸು ಹತ್ತಿಸಿಕೊಂಡು ಹೋಗಿ ಹರಿಹರದಲ್ಲಿ ತನ್ನ ತಾಯಿಯ ಹತ್ತಿರ ಬಿಟ್ಟುಬರುತ್ತಿದ್ದಳು. ಅಲ್ಲಿಂದ ಶಾಲೆ ತೆರೆಯುವವರೆಗೆ ನಾನು ಅಜ್ಜಿಯವಳು.

ಅಜ್ಜಿ ಎಂದರೆ ನನಗೆ ಮೊದಲು ನೆನಪಾಗುವುದು ಅವಳ ಕಿವಿ. ಕೆಳಗೆ ಬೆಂಡೋಲೆ, ಮೇಲೆ, ಕಿವಿಯ ಅಂಚು ಮಡಿಚಿಕೊಳ್ಳುವ ಕಡೆ, ಮುತ್ತಿನ ಬುಗುಡಿ. ನಡುವೆ ಒಂದು ಕೆಂಪು ಹರಳು, ಸುತ್ತ ಪುಟಾಣಿ ಮುತ್ತುಗಳು. ಅಜ್ಜಿ ತಲೆ ಅಲ್ಲಾಡಿಸಿ "ಆಗಂಗಿಲ್ಲ" ಎಂದರೆ ಮೊದಲು ಬುಗುಡಿ ಹೊಳೆಯುತ್ತಿತ್ತು, ಆಮೇಲೆ ಮಾತು ಕೇಳಿಸುತ್ತಿತ್ತು. ಅಮಾವಾಸ್ಯೆ ಹತ್ತಿರ ಬಂತೆಂದರೆ ಅವುಗಳನ್ನು ಬಿಚ್ಚಿ ತೊಳೆಯುವ ಸಂಭ್ರಮ. ಅಂಟುವಾಳಕಾಯಿಯನ್ನು ಬಿಸಿನೀರಿನಲ್ಲಿ ನೆನೆಹಾಕಿ ಕಿವುಚಿದರೆ ಬೋಗುಣಿಯ ತುಂಬ ನೊರೆ. ಬೆಂಡೋಲೆ ಆ ನೊರೆಯೊಳಗೆ ಮುಳುಗುತ್ತಿತ್ತು. ಬೇವಿನಕಡ್ಡಿಯ ತುದಿ ಜಜ್ಜಿ ಮಾಡಿದ ಕುಂಚದಿಂದ ಅಜ್ಜಿ ಅದರ ಸಂದುಗೊಂದುಗಳನ್ನು ತಿಕ್ಕುತ್ತಿದ್ದಳು. ಬುಗುಡಿಗೆ ಮಾತ್ರ ನೊರೆ ತಾಕಿಸುತ್ತಿರಲಿಲ್ಲ. ಅಜ್ಜನ ಹಳೆಯ ಪಂಚೆಯ ತುಂಡನ್ನು ಒದ್ದೆ ಮಾಡಿ, ಹಿಂಡಿ, ಒಂದೊಂದೇ ಮುತ್ತನ್ನು ಒರೆಸುತ್ತಿದ್ದಳು.

"ಮುತ್ತು ಅಂದ್ರೆ ಹಸುಗೂಸು ಇದ್ದಂಗೆ ಶಶಿ. ಸೋಪು ಬ್ಯಾಡ, ತಿಕ್ಕಾಟ ಬ್ಯಾಡ. ಮೈ ಒರೆಸಿ ಮಲಗಿಸಬೇಕು ಅಷ್ಟೇ."

ತಿರುಪು ಬಿಚ್ಚಿ, ಅದರ ಮರೆಯೊಳಗೆ ಕೂತ ಎಣ್ಣೆಜಿಡ್ಡನ್ನು ತೆಗೆದು, ಒಣಗಿಸಿ ಮತ್ತೆ ಕಿವಿಗೆ ಏರಿಸಿಕೊಂಡಾಗ ಅವಳ ಮುಖವೇ ಬೇರೆ. ಅವಳ ತಾಯಿ ಹಾಕಿಕೊಂಡ ಬುಗುಡಿ ಅದು. ಆದರೆ ಅಜ್ಜಿಯ ಇಬ್ಬರು ಹೆಣ್ಣುಮಕ್ಕಳಲ್ಲಿ ಯಾರೂ ಅದನ್ನು ಹಾಕಿಕೊಳ್ಳುವಂತಿರಲಿಲ್ಲ. ಅವ್ವನ ತಂಗಿ ಚಿಗವ್ವ ಚಿಕ್ಕವಳಿದ್ದಾಗ ಸೂಜಿ ಕಂಡೊಡನೆ ಹಿತ್ತಲಿಗೆ ಓಡಿಹೋದವಳು ಸಂಜೆಯವರೆಗೂ ಸಿಗಲಿಲ್ಲವಂತೆ. ಅವ್ವನ ಮಾತು ತೆಗೆದರೆ ಅಜ್ಜಿ, "ಒಲಿ ಮ್ಯಾಲೆ ಏನಿಟ್ಟಿದ್ದೆ ನಾನು" ಎಂದು ಎದ್ದು ಹೋಗುತ್ತಿದ್ದಳು.

ಅವ್ವನ ಬಲಗಿವಿಯ ಮೇಲಂಚಿನಲ್ಲಿ ಜೋಳದ ಕಾಳಿನಷ್ಟು ಒಂದು ಗಂಟಿತ್ತು. ಕೂದಲು ಇಳಿಬಿಟ್ಟು ಬಾಚಿಕೊಳ್ಳುತ್ತಿದ್ದರಿಂದ ಯಾರಿಗೂ ಕಾಣುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಆ ಗಂಟನ್ನು ಬೆರಳಿನಿಂದ ಸವರುತ್ತ ನಿದ್ದೆ ಹೋಗುವುದು ನನ್ನ ಅಭ್ಯಾಸ. ಅದು ಹುಟ್ಟಿನಿಂದಲೇ ಬಂದದ್ದೆಂದು ತಿಳಿದಿದ್ದೆ.

ಐದನೆಯ ಕ್ಲಾಸು ಮುಗಿದ ಆ ಬೇಸಿಗೆ ನಾನೇ ಹಟ ಹಿಡಿದೆ. "ಅಜ್ಜಿ, ನನಗೆ ಮೇಲ್ಗಿವಿ ಚುಚ್ಚಿಸು. ಬುಗುಡಿ ನಾನು ಹಾಕ್ಕೊಳ್ತೀನಿ."

ಅಜ್ಜಿಯ ಕೈಯಲ್ಲಿದ್ದ ಮೊರ ನಿಂತಿತು. ಮುಂದಿನ ಭಾನುವಾರ ಅವ್ವ ಬಂದಾಗ ಊಟಕ್ಕೆ ಬಡಿಸುತ್ತ ಮೆಲ್ಲಗೆ ಮಾತು ಇಳಿಸಿದಳು. ಅವ್ವ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಅಜ್ಜಿಯ ಮುಖವನ್ನೇ ನೋಡಿದಳು.

"ಮತ್ತೆ ಅದೇ ಬುಗುಡಿನಾ ಅವ್ವ?"

"ಕೂಸು ತಾನಾಗೇ ಕೇಳೈತೆ. ನಾನೇನು ಕಿವಿ ಹಿಡಿದು ಎಳ್ಕಂಡು ಬಂದಿಲ್ಲ."

ಅವ್ವ ಕೈಯಲ್ಲಿದ್ದ ರೊಟ್ಟಿಯ ಚೂರನ್ನು ತಟ್ಟೆಗೆ ಹಾಕಿದಳು. ನನ್ನ ಕಡೆ ತಿರುಗಿ ಟೀಚರ ದನಿಯಲ್ಲಿ ಹೇಳಿದಳು: "ಚುಚ್ಚಿಸ್ಕೊ. ಆದ್ರೆ ಸ್ಕೂಲ್ ಶುರುವಾಗೋ ಮುಂಚೆ ಬಂದು ನೋಡ್ತೀನಿ. ಒಂದೇ ಒಂದು ಹನಿ ಕೀವು ಕಂಡ್ರೂ ಆವತ್ತೇ ತಂತಿ ತೆಗೆಸ್ತೀನಿ. ಆಮೇಲೆ ಈ ಮನೆಯಾಗೆ ಬುಗುಡಿ ಅನ್ನೋ ಮಾತು ಯಾರೂ ಎತ್ತಬಾರ್ದು."

ಪತ್ತಾರ ಮೌನೇಶಪ್ಪ ಮರುದಿನ ಬೆಳಿಗ್ಗೆಯೇ ಬಂದ. ಅಕ್ಕಸಾಲಿ ಕೆಲಸದ ಜತೆಗೆ ನಮ್ಮ ಓಣಿಯ ಮಕ್ಕಳ ಕಿವಿ ಮೂಗು ಚುಚ್ಚುವವನೂ ಅವನೇ. ನನ್ನನ್ನು ಪೂರ್ವಕ್ಕೆ ಮುಖ ಮಾಡಿ ಕೂಡಿಸಿದರು. ಬಾಯಿಗೆ ಬೆಲ್ಲದ ಚೂರು. ಅವನು ಕುಂಕುಮದ ಚುಕ್ಕಿಯಿಟ್ಟು, ಎರಡೂ ಕಿವಿ ಸಮ ಇದೆಯೇ ಎಂದು ಕಣ್ಣು ಕಿರಿದು ಮಾಡಿ ನೋಡಿದ. ಬಂಗಾರದ ತಂತಿಯ ಚೂಪು ತುದಿಯನ್ನು ಸೊಡರಿಗೆ ಹಿಡಿದು ಆರಿಸಿಕೊಂಡ.

"ಎಷ್ಟನೇ ಕ್ಲಾಸವ್ವ?"

"ಐದು ಪಾಸಾಗಿ ಆರ—"

ನೇ ಎನ್ನುವುದು ನನ್ನ ಬಾಯಿಂದ ಕಿರುಚಾಟವಾಗಿ ಹೊರಟಿತು. ಕಿವಿಯೊಳಗೆ ಕರಕ್ ಎಂದ ಸದ್ದು ನನಗೆ ಮಾತ್ರ ಕೇಳಿಸಿತು. ಎರಡನೆಯ ಕಿವಿಯೇ ನಿಜವಾದ ಪರೀಕ್ಷೆ. ನೋವು ಎಂಥದ್ದೆಂದು ಆಗ ಗೊತ್ತಾಗಿತ್ತು. ಬೆಲ್ಲವನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ಕೂತೆ. ಅಳಲಿಲ್ಲ. ತಂತಿಯನ್ನು ಉಂಗುರದ ಹಾಗೆ ಬಾಗಿಸಿ ತುದಿ ಮುಚ್ಚಿದ ಮೌನೇಶಪ್ಪ, "ಅಮ್ಮಾರೆ, ಈ ಹುಡುಗಿ ಹಾಕ್ಕಂತಾಳೆ ನೋಡ್ರಿ ಬುಗುಡಿ" ಎಂದ. ಅಜ್ಜಿ ಸೆರಗು ಸರಿಮಾಡಿಕೊಂಡು ಅಂಗಳದ ಸುತ್ತ ಒಮ್ಮೆ ನೋಡಿದ ರೀತಿ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಶಶಿ ಅಳಲಿಲ್ಲವಂತೆ ಎಂಬ ಸುದ್ದಿ ಓಣಿಯನ್ನು ಸುತ್ತಿತು. ನನ್ನ ಕಷ್ಟ ಶುರುವಾದದ್ದೇ ಆ ಕೀರ್ತಿಯಿಂದ.

ಕಿವಿ ಚುಚ್ಚಿಸಿದ ಮಗುವಿನ ಮನೆಗೆ ಬಂದವರು ಸುಮ್ಮನೆ ಹೋಗುವ ಹಾಗಿಲ್ಲ. ಹೊಸ ಕಿವಿಯನ್ನು ಮುಟ್ಟಿ, ಮುದ್ದು ಮಾಡಿ, ದೃಷ್ಟಿಯಾಗದಿರಲೆಂದು ಬೆರಳುಗಳನ್ನು ತಮ್ಮ ಕಪಾಲಕ್ಕೆ ಒತ್ತಿ ಲಟಲಟ ನೆಟಿಗೆ ಮುರಿಯಬೇಕು. ಸಂಡಿಗೆ ಹಿಟ್ಟಿನ ಕೈ, ಸಗಣಿ ಸಾರಿಸಿದ ಕೈ, ಎಮ್ಮೆ ಕರೆದ ಕೈ, ಎಲ್ಲವೂ ನನ್ನ ಕಿವಿಗೇ ಬಂದವು. ಒಬ್ಬರು ಅರಿಶಿನ ಹಚ್ಚಿದರು. ಅದರ ಮೇಲೆ ಇನ್ನೊಬ್ಬರು ಬೇವಿನೆಣ್ಣೆ. ಬಾಣಂತಿಯೊಬ್ಬಳು ನಗುತ್ತ ಎದೆಹಾಲಿನ ಹನಿಯನ್ನೇ ಹಾಕಿದಳು. ತಂತಿ ಅಂಟಿಕೊಳ್ಳಬಾರದೆಂದು ಬಂದವರೆಲ್ಲ ಅದನ್ನೊಂದು ಸುತ್ತು ತಿರುಗಿಸುವವರೇ. ಕೊನೆಗೆ ಚಿಗವ್ವ ಒರಳಿನ ಮುಂದಿನಿಂದ ಎದ್ದು ಬಂದು, "ಎಲ್ಲಿ ನೋಡಾನ" ಎಂದು ಖಾರದಪುಡಿಯ ಕೈಯಲ್ಲೇ ತಂತಿ ತಿರುಗಿಸಿದಳು. ಚುಚ್ಚಿದಾಗ ಅಳದವಳು ಆವತ್ತು ಹೊಳೆಯ ತನಕ ಕೇಳುವಂತೆ ಅತ್ತೆ.

ಮರುದಿನ ಬಲಗಿವಿ ಎಣ್ಣೆಯಿಂದ ಎತ್ತಿದ ಮಿರ್ಚಿಯಂತೆ ಉಬ್ಬಿತು. ಮುಟ್ಟಿದರೆ ಬಿಸಿ. ತಂತಿಯ ಸುತ್ತ ಹಳದಿ ಪೊರೆ. ಅರಿಶಿನವೋ ಕೀವೋ ತಿಳಿಯದು.

ಅದೇ ಹೊತ್ತಿಗೆ ಪಕ್ಕದ ಮನೆಯ ಜುಲೇಖಾ ಖಾಲಾ ಬಂದಳು. ಅವಳ ಗಂಡ ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕುವವರು. ಖಾಲಾಳ ಎರಡೂ ಕಿವಿಯ ಅಂಚಿಗೆ ಮೇಲಿಂದ ಕೆಳಗಿನವರೆಗೆ ಸಾಲಾಗಿ ಬಾಲಿಗಳು. ಅವಳು ನಕ್ಕರೆ ಆ ಉಂಗುರಗಳೂ ಕಿಣಿಕಿಣಿ ನಗುತ್ತಿದ್ದವು. ಅಜ್ಜಿಗೂ ಅವಳಿಗೂ ಜಗಳವಾಡದೆ ಹೊತ್ತು ಹೋಗುತ್ತಿರಲಿಲ್ಲ.

ನನ್ನ ಕಿವಿ ನೋಡಿ ಖಾಲಾ ಸೊಂಟಕ್ಕೆ ಕೈಯಿಟ್ಟಳು. "ಅಕ್ಕಾ, ಇದು ಕೂಸಿನ ಕಿವೀನೋ, ಅರಿಶಿನ ಅರೆಯೋ ಕಲ್ಲೋ?"

"ನಿನಗೇನು ಗೊತ್ತೈತೆ ಜುಲೇಖಾ, ಸುಮ್ನಿರು. ನಿಮ್ದು ಬಾಲಿ ತೂಗಾಡೋ ಕಿವಿ. ನಮ್ದು ಬುಗುಡಿ ಕೂಡ್ರೋ ಕಿವಿ."

"ಏನ್ ಕೂತ್ರೂ ತೂಗಾಡಿದ್ರೂ ಒಳಗಿರೋ ಮಾಂಸ ಒಂದೇ ಅಕ್ಕಾ. ನನ್ನ ಕಿವಿ ನೋಡ್ರಿ, ಇಷ್ಟು ತೂತು ಅದಾವೆ, ಒಂದಾದ್ರೂ ಕೊಳೆತೈತಾ? ನಮ್ಮಮ್ಮ ಕೋಲು ಹಿಡ್ಕಂಡು ಕೂತಿದ್ಲು. ಹಾತ್ ನಕ್ಕೊ ಲಗಾವ್, ಕೈ ಹಚ್ಚಬ್ಯಾಡ್ರಿ ಅಂತ ಬಂದವ್ರಿಗೆಲ್ಲ ಒಂದೇ ಮಾತು. ಕುದಿಸಿ ಆರಿಸಿದ ಉಪ್ಪುನೀರು, ಅದು ಬಿಟ್ರೆ ಏನೂ ಇಲ್ಲ. ಎಣ್ಣೆ ಇಲ್ಲ, ಅರಿಶಿನ ಇಲ್ಲ, ತಿರುಗ್ಸೋದಂತೂ ಇಲ್ವೇ ಇಲ್ಲ." ಆಮೇಲೆ ನನ್ನ ಹಣೆ ಮುಟ್ಟಿ ನೋಡಿ ದನಿ ತಗ್ಗಿಸಿದಳು. "ಜ್ವರ ಬಂದಿಲ್ಲ. ಬಂತಂದ್ರೆ ಮಾತ್ರ ನನ್ನ ಕೇಳಬ್ಯಾಡ್ರಿ, ನಿಮ್ಮನ್ನೂ ಕೇಳ್ಕೋಬ್ಯಾಡ್ರಿ. ಸೀದಾ ದವಾಖಾನೆ."

ಜ್ವರ ಎಂಬ ಮಾತು ಕೇಳಿ ಅಜ್ಜಿಯ ಮುಖ ಬಿಳುಪೇರಿತು. ಜಗಳ ಅಲ್ಲಿಗೇ ನಿಂತಿತು. ಅಜ್ಜಿಯೇ ಹೋಗಿ ನೀರು ಕುದಿಸಿ ಉಪ್ಪು ಹಾಕಿದಳು. ಪಂಚೆಯ ಹೊಸ ತುಂಡೊಂದನ್ನು ಹರಿದು ಅದನ್ನೂ ಬೇರೆ ಪಾತ್ರೆಯಲ್ಲಿ ಕುದಿಸಿದಳು. ಬಟ್ಟೆ ಅದ್ದಿ ಕಿವಿಯ ಮೇಲೆ ಇಡುತ್ತಾ ಹೋದಂತೆ ಒಣಗಿದ ಪೊರೆ ತಾನಾಗಿಯೇ ನೆನೆದು ಬಿಟ್ಟುಕೊಂಡಿತು. ಉಜ್ಜಲಿಲ್ಲ, ಕೀಳಲಿಲ್ಲ. ಮುತ್ತು ಒರೆಸುವ ಅದೇ ಕೈ.

ಆದರೆ ಇನ್ನೊಂದು ಸಂಕಟ ಉಳಿದಿತ್ತು. "ಬಂದ ಹೆಣ್ಮಕ್ಕಳಿಗೆ ಮುಟ್ಟಬ್ಯಾಡ್ರಿ ಅಂತ ಹೆಂಗೆ ಹೇಳ್ಲಿ ಜುಲೇಖಾ? ಪ್ರೀತೀಲಿ ನೆಟಿಗಿ ಮುರಿಯಾಕೆ ಬಂದವ್ರನ್ನ ನಿಮ್ಮ ಕೈ ಗಲೀಜು ಅಂದ್ರೆ ನಾಳೆ ಯಾರಾದ್ರೂ ಈ ಹೊಸ್ತಿಲು ತುಳೀತಾರಾ?"

ಖಾಲಾಳ ಅಮ್ಮನ ಕೋಲು ನಮ್ಮ ಓಣಿಯಲ್ಲಿ ನಡೆಯುವಂಥದ್ದಲ್ಲ.

ಉತ್ತರ ಸಿಕ್ಕಿದ್ದು ಮಾರನೆಯ ಬೆಳಿಗ್ಗೆ, ಹಿಟ್ಟಿನ ಗಿರಣಿಯ ಸಿದ್ದವ್ವ ಬಂದಾಗ. ನಂದಿಗುಡಿ ಅವಳ ತವರು. ದೊಡ್ಡ ಕೈ, ದೊಡ್ಡ ಬಾಯಿ, ಮೊಣಕೈವರೆಗೆ ಜೋಳದ ಹಿಟ್ಟು. "ಎಲ್ಲದಾಳೆ ನಮ್ಮ ಗಂಡೆದೆ ಹುಡುಗಿ!" ಎಂದು ಎರಡೂ ಕೈ ಚಾಚಿಕೊಂಡೇ ಬಂದಳು. ನಾನು ಕಂಬದ ಹಿಂದೆ ಸರಿದೆ. ಜಗಲಿಯ ಮೇಲೆ, ಬಂದವರ ಕಾಲಿಗೆ ನೀರು ಕೊಡುವ ತಂಬಿಗೆ ಇತ್ತು. ಅಜ್ಜಿಯ ಕಣ್ಣು ಅದರ ಮೇಲೆ ಬಿತ್ತು. ತಂಬಿಗೆ ಎತ್ತಿಕೊಂಡು ಸಿದ್ದವ್ವನಿಗೆ ಅಡ್ಡ ನಿಂತಳು.

"ನಿಲ್ರಿ ಸಿದ್ದವ್ವ. ಮೊದ್ಲು ಕೈನೀರು ಆಗ್ಬೇಕು."

"ಏನ್ ಕೈನೀರ್ರಿ?"

"ಬುಗುಡಿ ಕಿವಿಗೆ ಕೈನೀರು ಅಂತ ಐತಲ್ರಿ, ನಿಮಗೆ ತಿಳೀದೇನು?" ಅಜ್ಜಿಯ ದನಿ ಪುರಾಣ ಹೇಳುವವರ ಹಾಗೆ ಗಂಭೀರವಾಗಿತ್ತು. "ಸೋಪು ಹಚ್ಚಿ ಎರಡೂ ಕೈ ತೊಳ್ಕಂಡು, ದೂರ ನಿಂತು ನೆಟಿಗಿ ಮುರೀಬೇಕು. ಬುಗುಡಿ ಏರೋವರ್ಗೂ ಕಿವಿ ಮುಟ್ಟಂಗಿಲ್ಲ. ಮುಟ್ಟಿದ್ರೆ ನೇಮ ಕೆಟ್ಟಂಗೆ."

ಬಾಗಿಲ ಹತ್ತಿರ ಕೂತಿದ್ದ ಖಾಲಾ ಗಬಕ್ಕನೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅವಳ ಕಿವಿಯ ಬಾಲಿಗಳು ಮಾತ್ರ ಕಿಣಿಗುಟ್ಟಿದವು.

ಸಿದ್ದವ್ವ ಒಂದು ಕ್ಷಣ ಗಲಿಬಿಲಿಗೊಂಡಳು. ಆಮೇಲೆ ಕೈ ಮುಂದೆ ಒಡ್ಡಿದಳು. "ಅಯ್ಯ, ಗೊತ್ತಿಲ್ದೇ ಇರ್ತದಾ! ನಮ್ಮತ್ತಿ ಕಾಲದಾಗೆ ಇತ್ತು. ಈಗಿನೋರು ಎಲ್ಲಾ ಬಿಟ್ಟಾರೆ, ಏನ್ ಮಾಡ್ತೀರಿ."

ಆ ನೇಮ ಹುಟ್ಟಿ ಒಂದು ಉಸಿರು ಎಳೆಯುವಷ್ಟು ಹೊತ್ತೂ ಆಗಿರಲಿಲ್ಲ! ಸಿದ್ದವ್ವ ಹಿಟ್ಟೆಲ್ಲ ಹೋಗುವಂತೆ ಕೈ ತೊಳೆದು, ಎರಡು ಮಾರು ದೂರ ನಿಂತು, ಲಟಲಟ ನೆಟಿಗೆ ಮುರಿದು ಹೋದಳು. ಮಧ್ಯಾಹ್ನದ ಹೊತ್ತಿಗೆ ಗಿರಣಿಗೆ ಬಂದವರಿಗೆಲ್ಲ ಕೈನೀರಿನ ವಿಷಯ ತಿಳಿದಿತ್ತು. ಸಂಜೆ ಬಂದವರು ಹೇಳಿಸಿಕೊಳ್ಳದೆ ತಾವೇ ತಂಬಿಗೆ ಕೇಳಿದರು. ಚಿಗವ್ವ ಕೂಡ ಖಾರದ ಕೈ ತೊಳೆದುಕೊಂಡು ದೂರ ನಿಂತಳು.

ಆಮೇಲಿನ ದಿನಗಳಲ್ಲಿ ನನ್ನ ಕಿವಿಯ ಯಜಮಾನಿಕೆ ನನ್ನದೇ ಆಯಿತು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಸೋಪಿನಿಂದ ಕೈ ತೊಳೆಯುವುದು, ಅವ್ವ ಮನೆಯಲ್ಲಿ ಕಲಿಸಿದ ಹಾಗೆ, ಉಗುರಿನ ಸಂದಿನವರೆಗೆ. ಖಾಲಾ ಹೇಳಿದ ಉಪ್ಪುನೀರಿನಲ್ಲಿ ಅಜ್ಜಿಯ ಬಟ್ಟೆ ಅದ್ದಿ ತಂತಿಯ ಹಿಂದೆ ಮುಂದೆ ಇಡುವುದು. ಒಣಬಟ್ಟೆಯಿಂದ ಒತ್ತಿ ತೇವ ತೆಗೆಯುವುದು. ಅಷ್ಟೇ. ಓಣಿಯ ಹುಡುಗರೆಲ್ಲ ಹೊಳೆಗೆ ಹಾರಿ ಈಜುತ್ತಿದ್ದರೆ ನಾನು ಮೆಟ್ಟಿಲ ಮೇಲೆ ಕೂತು ಕಾಲು ಮಾತ್ರ ಇಳಿಬಿಡುತ್ತಿದ್ದೆ. ಕಿವಿಗೆ ಹೊಳೆ ನೀರು ತಾಕಬಾರದು. "ಏ ಬುಗುಡೀ, ಕಿವಿ ಮನ್ಯಾಗೆ ಇಟ್ಟು ಬಾರೆ!" ಎಂದು ಅವರು ನೀರಿನಿಂದ ಕೂಗುತ್ತಿದ್ದರು. ಹೊಟ್ಟೆ ಉರಿಯುತ್ತಿತ್ತು. ಇಳಿಯಲಿಲ್ಲ.

ಮಲಗುವುದೇ ದೊಡ್ಡ ಪಾಡಾಗಿತ್ತು. ಮಗ್ಗುಲಾದರೆ ತಂತಿ ಒತ್ತುತ್ತಿತ್ತು. ಅದಕ್ಕೂ ಅಜ್ಜಿಯೇ ದಾರಿ ಕಂಡಳು. ಕೊಡ ಹೊರಲು ತಲೆಯ ಮೇಲೆ ಇಟ್ಟುಕೊಳ್ಳುವ ಬಟ್ಟೆಯ ಸಿಂಬೆಯನ್ನು ದಿಂಬಿನ ಮೇಲೆ ಇಟ್ಟು, ಅದರ ನಡುವಿನ ಬಯಲಿನಲ್ಲಿ ನನ್ನ ಕಿವಿ ಬರುವಂತೆ ಮಲಗಿಸಿದಳು. ಕಿವಿಗೊಂದು ಪುಟ್ಟ ಮನೆ! ಬೇಸಿಗೆ ಮುಗಿಯುವವರೆಗೂ ಆ ಸಿಂಬೆಯ ಒಳಗೆ ಕಿವಿಯಿಟ್ಟು ಮಲಗಿದೆ. ಊತ ಇಳಿಯಿತು. ಕೆಂಪು ಹೋಗಿ ಚರ್ಮ ತನ್ನ ಬಣ್ಣಕ್ಕೆ ತಿರುಗಿತು.

ಮೊದಲ ಮಳೆ ಬಿದ್ದು ಓಣಿಯ ಖಾರದ ಘಾಟು ಅಡಗಿದ ದಿನ ಅವ್ವ ಬಂದಳು. ಬಸ್ಸಿನ ಧೂಳು, ಕಂಕುಳಲ್ಲಿ ಚೀಲ. ಹೊಸ್ತಿಲು ದಾಟುತ್ತಲೇ "ಬಾ ಇಲ್ಲಿ" ಎಂದು ನನ್ನ ಕಿವಿಗೆ ಕೈ ಚಾಚಿದಳು.

ಎಲ್ಲಿತ್ತೋ ಧೈರ್ಯ. ಒಂದು ಹೆಜ್ಜೆ ಹಿಂದೆ ಸರಿದು ಹೇಳಿದೆ: "ಅವ್ವಾ, ಮೊದ್ಲು ಕೈನೀರು."

"ಏನದು?"

"ಬುಗುಡಿ ಕಿವಿಗೆ ಕೈನೀರು. ನೇಮ. ಸೋಪು ಹಚ್ಚಿ ತೊಳ್ಕೊಂಡು ಬಾ."

ಅವ್ವ ಅಜ್ಜಿಯ ಕಡೆ ನೋಡಿದಳು. ಅಜ್ಜಿ ಸೂರಿನ ತೊಲೆಗಳನ್ನು ಎಣಿಸುವವಳಂತೆ ಮೇಲೆ ನೋಡುತ್ತಿದ್ದಳು. ಅವ್ವ ಚೀಲ ಇಳಿಸಿ ಬಚ್ಚಲಿಗೆ ಹೋದಳು. ಓಣಿಯ ಯಾರೂ ತೊಳೆಯದಷ್ಟು ಹೊತ್ತು ಕೈ ತೊಳೆದಳು. ಬಂದು ಬೆಳಕಿಗೆ ನನ್ನನ್ನು ತಿರುಗಿಸಿ, ಕೂದಲು ಸರಿಸಿ, ಬಲಗಿವಿ ನೋಡಿದಳು. ಎಡಗಿವಿ ನೋಡಿದಳು. ಮತ್ತೆ ಬಲಗಿವಿ. ಅವಳ ಉಸಿರು ನನ್ನ ಕುತ್ತಿಗೆಗೆ ತಾಕುತ್ತಿತ್ತು. ಒಳಗೆ ಚಿಗವ್ವ ಪಾತ್ರೆಯ ಸದ್ದು ನಿಲ್ಲಿಸಿದ್ದಳು.

"ಯಾರು ತೊಳೀತಿದ್ರು?"

"ನಾನೇ."

"ನೀನೇನಾ?"

"ಹೂಂ. ಯಾರಿಗೂ ಮುಟ್ಟಾಕೆ ಬಿಟ್ಟಿಲ್ಲ."

ಅವ್ವ ಅಲ್ಲೇ ಜಗಲಿಯ ಮೇಲೆ ಕೂತುಬಿಟ್ಟಳು. ನನ್ನ ಬೆರಳು ಹಿಡಿದು ತನ್ನ ಬಲಗಿವಿಯ ಗಂಟಿನ ಮೇಲೆ ಇಟ್ಟುಕೊಂಡಳು. "ಇದೇನು ಗೊತ್ತಾ ನಿನಗೆ?"

"ಗಂಟು."

"ನಂದೂ ಬುಗುಡಿ ತೂತೇ ಕಣೆ. ನಿನ್ನಷ್ಟೇ ಇದ್ದೆ. ಎಲ್ರೂ ಮುಟ್ಟಿದ್ರು, ಎಲ್ರೂ ಒಂದೊಂದು ಹಚ್ಚಿದ್ರು. ಕೀವಾಗಿ ಜ್ವರ ಬಂದು ಮೈಮೇಲೆ ಎಚ್ಚರ ಇರ್ಲಿಲ್ಲ. ದವಾಖಾನೆಯಾಗೆ ತಂತಿ ಕತ್ತರಿಸಿ ತೆಗೆದ್ರು. ಉಳಿದಿದ್ದು ಇದು."

ಎಷ್ಟೋ ಇರುಳು ನಾನು ಸವರಿ ನಿದ್ದೆಹೋದ ಗಂಟು. ಅಜ್ಜಿಯ ಕಡೆ ತಿರುಗಿ ಕೇಳಿದೆ: "ಅವ್ವಗೆ ಚುಚ್ಚಿಸಿದಾಗ ಕೈನೀರು ಇರ್ಲಿಲ್ವಾ ಅಜ್ಜಿ?"

ಅಜ್ಜಿ ತೊಲೆಯಿಂದ ಕಣ್ಣು ಇಳಿಸಿದಳು. ಅವ್ವನ ಕಡೆ ನೋಡದೆ, ಸೆರಗಿನ ತುದಿ ಸುತ್ತುತ್ತಾ ಹೇಳಿದಳು.

"ಇರ್ಲಿಲ್ಲವ್ವ. ಈಗ ಬಂತು."

ಅವ್ವನಿಗೆ ಎಲ್ಲ ಅರ್ಥವಾಗಿತ್ತು ಎಂದು ಕಾಣುತ್ತದೆ. ತಂಬಿಗೆಯ ಕಡೆ ನೋಡಿದಳು, ತಾಯಿಯ ಕಡೆ ನೋಡಿದಳು, ಇದ್ದಕ್ಕಿದ್ದಂತೆ ನಗತೊಡಗಿದಳು. ನಗುತ್ತ ನಗುತ್ತ ಕಣ್ಣು ಒರೆಸಿಕೊಂಡಳು. ಗೋಡೆಯಾಚೆಯಿಂದ ಖಾಲಾ, "ಏನಾಯ್ತಕ್ಕಾ, ಪಾಸೋ ಫೇಲೋ?" ಎಂದು ಕೂಗಿದಳು. "ಪಾಸು!" ಎಂದು ಕೂಗಿ ಹೇಳಿದವಳು ಅವ್ವ.

ಎಳೆಗಿವಿಗೆ ಭಾರ ಬೇಡವೆಂದು ದೀಪಾವಳಿಯವರೆಗೆ ಕಾದರು. ಹಬ್ಬದ ಬೆಳಿಗ್ಗೆ ಅಜ್ಜಿ ತನ್ನ ಕಿವಿಯಿಂದ ಬುಗುಡಿ ಬಿಚ್ಚಿ, ಮುತ್ತುಗಳನ್ನು ಒರೆಸಿ, ತಿರುಪು ತೊಳೆದು, ನನ್ನ ಕಿವಿಗೆ ಏರಿಸಿದಳು. ಅವಳು ಮುಟ್ಟುವ ಮುಂಚೆ ಅವ್ವ ಅವಳ ಕೈಗೆ ತಾನೇ ನೀರು ಹಾಕಿದ್ದಳು. ಆವತ್ತು ಓಣಿಯಲ್ಲಿ ನಾನು ನಡೆದ ನಡಿಗೆ! ತಲೆ ಅಲ್ಲಾಡಿಸುವ ಅವಕಾಶಕ್ಕಾಗಿ ಕೇಳಿದ್ದಕ್ಕೆಲ್ಲ "ಉಹೂಂ" ಎನ್ನುತ್ತಿದ್ದೆ.

ಈಗ ನಾನು ದಾವಣಗೆರೆಯದೇ ದೇವರಾಜ ಅರಸು ಬಡಾವಣೆಯಲ್ಲಿದ್ದೇನೆ. ಬುಗುಡಿ ಕಿವಿಯಲ್ಲೇ ಇದೆ. ಈಗಿನ ಹುಡುಗಿಯರು ಅಂಗಡಿಗೆ ಹೋಗಿ ಮೇಲ್ಗಿವಿ ಚುಚ್ಚಿಸಿಕೊಂಡು ಬರುತ್ತಾರೆ. ಜತೆಗೆ ಸ್ಪ್ರೇ ಬಾಟಲಿ ಕೊಟ್ಟಿರುತ್ತಾರೆ. ಓದಿದರೆ ಒಳಗಿರುವುದು ಅದೇ ಉಪ್ಪುನೀರು. ಮುಟ್ಟಬೇಡಿ, ತಿರುಗಿಸಬೇಡಿ ಎಂದೂ ಹೇಳಿ ಕಳಿಸುತ್ತಾರಂತೆ. ಕೇಳಿ ನನಗೆ ಒಳಗೊಳಗೇ ಹೆಮ್ಮೆ. ಆದರೆ ಆ ಹುಡುಗಿಯರ ಕಿವಿ ಮುಟ್ಟಲು ಓಣಿಗೆ ಓಣಿಯೇ ಏಳುವುದಿಲ್ಲ. ತಡೆಯಬೇಕಾದ ಕೈಗಳೇ ಇಲ್ಲ.

ಅಜ್ಜಿ ಹೋಗಿ ಬಹಳ ಕಾಲವಾಯಿತು. ಖಾಲಾಳೂ ಇಲ್ಲ, ಅವಳ ಮನೆಯ ಜಾಗದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇದೆ. ಅವ್ವ ಹೋದ ವರ್ಷದ ಹಿಂದಿನ ವರ್ಷ ತೀರಿಕೊಂಡಳು. ಕೊನೆಯವರೆಗೂ ನನ್ನ ಬುಗುಡಿ ಮುಟ್ಟಿ ನೋಡಬೇಕೆನಿಸಿದರೆ ಅವಳು ಮೊದಲು ಎದ್ದು ಹೋಗಿ ಕೈ ತೊಳೆದು ಬರುತ್ತಿದ್ದಳು. ಗಾಯ ಮಾಯ್ದು ಎಷ್ಟೋ ವರ್ಷವಾಗಿತ್ತು. ಆದರೂ.

ಮೊನ್ನೆ ನಂದಿಗುಡಿಯಲ್ಲಿ, ಸಿದ್ದವ್ವನ ತವರಿನವರ ಮನೆಯಲ್ಲಿ, ಎಳೆಮಗುವೊಂದಕ್ಕೆ ಕಿವಿ ಚುಚ್ಚಿಸುವ ಕಾರ್ಯವಿತ್ತು. ಬೆಲ್ಲ ಚೀಪುತ್ತ ಬಿಕ್ಕುತ್ತಿದ್ದ ಕೂಸನ್ನು ಕಂಡು ತಡೆಯಲಾರದೆ ಕೈ ಚಾಚಿದೆ. ಎಳೆವಯಸ್ಸಿನ ಸೊಸೆಯೊಬ್ಬಳು ತಂಬಿಗೆ ಹಿಡಿದು ಅಡ್ಡ ಬಂದಳು.

"ನಿಲ್ರಿ ಆಂಟಿ. ಮೊದ್ಲು ಕೈನೀರು ಆಗ್ಬೇಕು."

ಅವಳ ಬಗಲಲ್ಲಿ ಸೋಪಿನ ಡಬ್ಬಿಯೂ ಇತ್ತು. ನನ್ನ ಮುಖ ನೋಡಿ ಅವಳಿಗೆ ಸಂಕೋಚವಾಯಿತೇನೋ, ಸಮಾಧಾನ ಹೇಳುವಂತೆ ದನಿ ಇಳಿಸಿದಳು. "ಬೇಜಾರ್ ಮಾಡ್ಕೋಬ್ಯಾಡ್ರಿ. ಇದು ಭಾಳ ಹಿಂದಿನಿಂದ ನಡ್ಕಂಡು ಬಂದಿದ್ದಂತೆ. ನಿಮ್ಮ ಕಡೆ ಇಲ್ವಾ?"

ನಾನು ಎರಡೂ ಕೈ ಮುಂದೆ ಒಡ್ಡಿದೆ. ತಣ್ಣಗೆ ನೀರು ಬಿತ್ತು.

"ಗೊತ್ತಿಲ್ದೇ ಇರ್ತದಾ ತಾಯಿ," ಎಂದೆ. "ನಮ್ಮಜ್ಜಿ ಕಾಲದಾಗೆ ಇತ್ತು."